ಅಡವಿಯ ನೀರಗಂಟಿ

ಆ ಬೆಳಿಗ್ಗೆ ಕಲ್ಲೇಶಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹಿಂದಿನ ಸಂಜೆ ಗುರು ಮಹಲಿಂಗಯ್ಯನವರು ಆಶ್ರಮದ ಜಗುಲಿಯ ಮೇಲೆ ಕೂತು, ಎಲೆ ಅಡಿಕೆ ಕೇಳಿದಷ್ಟೇ ಸಲೀಸಾಗಿ, ಎಲ್ಲರೆದುರು ಹೇಳಿಬಿಟ್ಟಿದ್ದರು.

"ಈ ಸಲದ ನೀರಗಂಟಿ ಕಲ್ಲೇಶಿ."

ಊರುಗಳಲ್ಲಿ ನೀರಗಂಟಿ ಎಂದರೆ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವವನು. ಈ ಆಶ್ರಮದಲ್ಲಿ ಬೇರೆ. ಪ್ರತಿ ಕಾರ್ತಿಕದಲ್ಲಿ ಗುರುಗಳು ಶಿಷ್ಯರನ್ನೂ ಭಕ್ತರನ್ನೂ ಕಟ್ಟಿಕೊಂಡು, ದಟ್ಟ ಅಡವಿ ದಾಟಿ, ಬೆಟ್ಟದಾಚೆಯ ಗವಿಗೆ ದೀಪ ಹಚ್ಚಲು ಹೋಗುತ್ತಿದ್ದರು. ದಾರಿಯಲ್ಲಿ ಊರಿಲ್ಲ, ಬಾವಿಯಿಲ್ಲ. ಇರುವುದು ನಡುಕಾಡಿನಲ್ಲಿ ಒಂದು ಕೆರೆ. ಆ ಕೆರೆಯ ನೀರನ್ನು ಕುಡಿಯುವಂತೆ ಮಾಡಿ ಎಲ್ಲರಿಗೂ ಕೊಡುವವನೇ ನೀರಗಂಟಿ.

ಅದಕ್ಕೊಂದು ಕಟ್ಟಳೆಯಿತ್ತು. ಅಡವಿಯೊಳಗೆ ಕಾಲಿಟ್ಟ ಮೇಲೆ ನೀರಿನ ವಿಷಯದಲ್ಲಿ ನೀರಗಂಟಿಯ ಮಾತೇ ಮಾತು. ಅವನು ಕುಡಿ ಎಂದರೆ ಕುಡಿಯಬೇಕು. ಬೇಡ ಎಂದರೆ ತುಟಿ ಮುಚ್ಚಿಕೊಂಡು ಕೂರಬೇಕು. ಗುರುಗಳೂ ಅಷ್ಟೇ.

ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಆ ಕೆರೆಯ ದಂಡೆಯಲ್ಲಿ ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳಿವೆ. ಗುರುಗಳು ಹರೆಯದವರಿದ್ದಾಗ, ಬಾಯಾರಿ ಬಂದು ಕೆರೆಯ ನೀರನ್ನು ಹಾಗೇ ಬೊಗಸೆಯಲ್ಲಿ ಕುಡಿದ ಯಾತ್ರಿಕರು ಅವುಗಳ ಕೆಳಗಿದ್ದಾರೆ. ವಾಂತಿಭೇದಿ ಹಿಡಿದು ಅಲ್ಲೇ ಉಳಿದರು. ವೈದ್ಯನನ್ನು ಕರೆಯೋಣವೆಂದರೆ ಹತ್ತಿರದ ಊರಿಗೂ ಒಂದು ಹಗಲಿನ ನಡಿಗೆ.

ಇಂಥ ಹೊಣೆ ಕಲ್ಲೇಶಿಯ ಹೆಗಲಿಗೆ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಕಲ್ಲೇಶಿ ಹಿಗ್ಗಿ ಹೀರೇಕಾಯಿ ಆಗಿದ್ದ.

"ಗುರುಗಳೇ, ಒಂದ್ಸಲ ಒಪ್ಪಿಸಿಬಿಡ್ತೀನಿ, ಕೇಳಿ," ಎಂದು ಹೊರಡುವ ಮೊದಲು ಅವರ ಮುಂದೆ ಕೈಕಟ್ಟಿ ನಿಂತ.

"ಒಪ್ಪಿಸಪ್ಪ."

"ಮೃಗಗಳು ಇಳಿಯೋ ಕಡೆ ನೀರು ತುಂಬಬಾರದು. ದಡದ ನೀರು ಬೇಡ, ಸ್ವಲ್ಪ ಒಳಗೆ ಹೋಗಬೇಕು. ಬಟ್ಟೆ ಮಡಿಸಿ ಸೋಸಬೇಕು. ಚಿಲ್ಲದ ಬೀಜ ತೇದು ಬಗ್ಗಡ ಕೆಳಗಿಳಿಸಿ, ತಿಳಿ ಬಗ್ಗಿಸಿಕೊಳ್ಳಬೇಕು. ಆಮೇಲೆ ಚೆನ್ನಾಗಿ ಕುದಿಸಬೇಕು. ಮುಚ್ಚಿಟ್ಟು ಆರಿಸಬೇಕು. ಮೊದಲು ನೀರಗಂಟಿ ಕುಡೀಬೇಕು, ಆಮೇಲೆ ಉಳಿದವರು."

ಉಸಿರು ಬಿಡದೆ ಹೇಳಿದ. ಮಗ್ಗಿ ಒಪ್ಪಿಸುವ ಹುಡುಗರೂ ಅಷ್ಟು ಜೋರಾಗಿ ಹೇಳುವುದಿಲ್ಲ.

"ಎಲ್ಲಾ ಬಂತಾ ಗುರುಗಳೇ? ಇನ್ನೇನಾದ್ರೂ ಉಳೀತಾ?"

"ಒಂದು ಉಳೀತು."

"ಏನದು? ಹೇಳಿಬಿಡಿ!"

"ಅದನ್ನ ನಾನು ಹೇಳೋದಲ್ಲ," ಎಂದರು ಗುರುಗಳು, ಕೋಲು ಕೈಗೆತ್ತಿಕೊಳ್ಳುತ್ತಾ. "ಕೆರೆ ಕೇಳುತ್ತೆ."

ಕಲ್ಲೇಶಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಅವನು ನಿಲ್ಲಲೂ ಇಲ್ಲ. ನೀರಿನ ಕೊಡಗಳನ್ನು ಅಡ್ಡೆಗೆ ಕಟ್ಟಿ ಎಲ್ಲರಿಗಿಂತ ಮುಂದೆ ಹೊರಟೇಬಿಟ್ಟ.

ಹೊರಟವನು ಮಾಡಿದ ಮೊದಲ ಕೆಲಸ ದಾನ.

ನೆರಳು ಸಿಕ್ಕಿದಲ್ಲೆಲ್ಲ ಅಡ್ಡೆ ಇಳಿಸುವುದು, "ಕುಡೀರಿ, ಕುಡೀರಿ, ನಾನಿದ್ದೀನಲ್ಲ" ಎನ್ನುವುದು. ಆಶ್ರಮದ ಬಾವಿಯ ಸಿಹಿ ನೀರು ಲೋಟಗಟ್ಟಲೆ ಹರಿಯಿತು. ಕಾಲು ತೊಳೆದವರೂ ಉಂಟು. ಎಲ್ಲರೂ ಹೊಗಳುವವರೇ.

"ನೀರಗಂಟಿ ಅಂದ್ರೆ ಹೀಗಿರಬೇಕು!" ಎಂದಳು ದ್ಯಾಮಕ್ಕ. ಅವಳು ಪೇಟೆಯಲ್ಲಿ ಮಂಡಕ್ಕಿ ಮಾರುವ ಹೆಂಗಸು. ಬಾಯಿ ಸ್ವಲ್ಪ ಜೋರು, ಮನಸ್ಸು ಹೂವು.

"ಹೋದ ವರ್ಷದವನು ಗುಟುಕು ಗುಟುಕು ಕೊಟ್ಟು ಸಾಯಿಸಿದ್ದ," ಎಂದರು ಸಣ್ಣೀರಪ್ಪನವರು. ಅವರು ಒಂದು ಕಾಲದಲ್ಲಿ ಊರಿನ ಪಟೇಲರಾಗಿದ್ದವರು. ಪಟೇಲಿಕೆ ಹೋಗಿತ್ತು, ದನಿ ಹೋಗಿರಲಿಲ್ಲ.

ಗುರುಗಳು ಲೋಟ ಬಂದಾಗ ಅರ್ಧ ಕುಡಿದು ಅರ್ಧ ಕೊಡಕ್ಕೇ ಸುರಿದರು.

ಬಿಸಿಲು ಏರುವ ಹೊತ್ತಿಗೆ ಕೊಡಗಳು ಬರಿದಾದವು. ನಡುವೆ ಒಂದು ಹಳ್ಳ ಸಿಗುತ್ತದೆ ಎಂದು ಕಲ್ಲೇಶಿ ನಂಬಿಕೊಂಡಿದ್ದ. ಹಳ್ಳವೇನೋ ಸಿಕ್ಕಿತು. ಅದರಲ್ಲಿ ಕಲ್ಲುಗಳು ಮಾತ್ರ ಇದ್ದವು.

ಆಮೇಲೆ ಯಾರೂ ಅವನನ್ನು ಹೊಗಳಲಿಲ್ಲ.

ಮಧ್ಯಾಹ್ನ ತಿರುಗುವಾಗ ಮರಗಳ ಸಂದಿನಲ್ಲಿ ಏನೋ ಫಳಫಳ ಹೊಳೆಯಿತು.

"ಕೆರೆ! ಕೆರೆ ಬಂತು!"

ಕಲ್ಲೇಶಿ ಅಡ್ಡೆಯ ಸಮೇತ ಓಡಿದ. ಎಂಥ ಕೆರೆ ಅದು! ಆ ದಡ ಕಾಣದಷ್ಟು ದೊಡ್ಡದು. ನಡುವೆ ತಾವರೆ, ಅಂಚಿನಲ್ಲಿ ಜೊಂಡು, ಮೇಲೆ ಬೆಳ್ಳಕ್ಕಿಗಳ ಗದ್ದಲ. ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗ ಅವನಿಗೆ ಕೂಗಿಕೊಳ್ಳಬೇಕೆನಿಸಿತು. ಕೂಗಿಯೇಬಿಟ್ಟ. ಬೆಳ್ಳಕ್ಕಿಗಳು ಒಂದೇ ಸಲ ಎದ್ದವು.

ನೀರಿಗೆ ಇಳಿಯಲು ಅಲ್ಲೇ ನುಣ್ಣನೆಯ ದಾರಿಯಿತ್ತು. ಕಲ್ಲೇಶಿ ಪಂಚೆ ಎತ್ತಿಕಟ್ಟಿದ.

"ಯಾರ ಮನೆ ಬಾಗಿಲೋ ಅದು?" ಹಿಂದಿನಿಂದ ಗುರುಗಳ ದನಿ.

ಕಲ್ಲೇಶಿ ಕೆಳಗೆ ನೋಡಿದ. ಕೆಸರಿನ ತುಂಬ ಗೊರಸಿನ ಗುರುತು. ಪಕ್ಕದಲ್ಲೇ ಹಂದಿ ಹೊರಳಾಡಿದ ಗುಂಡಿ. ಲದ್ದಿ.

ನಾಲಿಗೆ ಕಚ್ಚಿಕೊಂಡು ದಂಡೆ ಹಿಡಿದು ಬಲು ದೂರ ನಡೆದ. ಬಂಡೆಯೊಂದು ನೀರಿನೊಳಕ್ಕೆ ಚಾಚಿಕೊಂಡಿದ್ದ ಕಡೆ ನಿಂತು, ಅದರ ತುದಿಗೆ ಹೋಗಿ, ಕೊಡವನ್ನು ಆಳಕ್ಕೆ ಅದ್ದಿ ತುಂಬಿದ. ಒಗೆದ ಬಟ್ಟೆಯನ್ನು ಮಡಿಕೆ ಮಾಡಿ ಬಿಂದಿಗೆಯ ಬಾಯಿಗೆ ಕಟ್ಟಿ ಸೋಸಿದ. ಬಟ್ಟೆಯ ಮೇಲೆ ಪಾಚಿ, ಹುಳ, ಕಸ ಉಳಿಯಿತು. ಚಿಲ್ಲದ ಬೀಜವನ್ನು ಕಲ್ಲಿನ ಮೇಲೆ ತೇದು ಬೆರೆಸಿ, ನೀರನ್ನು ಅಲುಗಿಸದೆ ಇಟ್ಟ. ಒಂದು ಕೆಲಸವನ್ನೂ ಬಿಡಲಿಲ್ಲ.

ಎಲ್ಲರೂ ಬಿಂದಿಗೆಯ ಸುತ್ತ ಕೂತರು. ಹೊಸ ಮಗುವಿನ ತೊಟ್ಟಿಲು ನೋಡುವ ಹಾಗೆ ಬಗ್ಗಿ ಬಗ್ಗಿ ನೋಡಿದರು.

ಮಣ್ಣು ಮೆಲ್ಲಗೆ ತಳಕ್ಕಿಳಿಯಿತು. ಮೇಲಿನ ನೀರು ತಿಳಿಯಾಯಿತು. ಕಲ್ಲೇಶಿ ಅದನ್ನು ಇನ್ನೊಂದು ಬಿಂದಿಗೆಗೆ ಬಗ್ಗಿಸಿದಾಗ ಬಿಸಿಲು ತಳದವರೆಗೆ ಹೋಗಿ ಹಿತ್ತಾಳೆ ಮಿರುಗಿತು.

"ಗುರುಗಳೇ, ನೋಡಿ ಬನ್ನಿ! ಕನ್ನಡಿ! ಏನೇನೂ ಇಲ್ಲ!"

"ಏನೇನೂ ಇಲ್ವಾ?"

"ಒಂದು ಕಸ ಇಲ್ಲ."

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದರು ಗುರುಗಳು. ಹೇಳಿ, ದಂಡೆಯ ಅತ್ತಿಮರದ ಕೆಳಗೆ ಹೋಗಿ ಕೂತರು. ಅಲ್ಲಿಂದ ಹುಲ್ಲಿನ ದಿಬ್ಬಗಳು ಕಾಣುತ್ತಿದ್ದವು.

ಇನ್ನು ಉಳಿದದ್ದು ಕುದಿಸುವುದು.

ಅಲ್ಲೇ ಕಷ್ಟ ಬಂದದ್ದು. ಹಿಂದಿನ ರಾತ್ರಿ ಕಾಡಿನಲ್ಲಿ ಅಕಾಲದ ಮಳೆ ಬಿದ್ದಿತ್ತು. ಹಳ್ಳ ತುಂಬುವಷ್ಟಲ್ಲ, ಸೌದೆ ನೆನೆಯುವಷ್ಟು. ಕಲ್ಲೇಶಿ ಮೂರು ಕಲ್ಲು ಹೂಡಿ ಹಂಡೆ ಇಟ್ಟು ಬೆಂಕಿ ಹಚ್ಚಿದರೆ, ಹೊಗೆ ಬಂತು. ಊದಿದರೆ ಇನ್ನಷ್ಟು ಹೊಗೆ. ಬೆಂಕಿ ಮಾತ್ರ ಬರಲೊಲ್ಲದು.

ಜನ ಒಣನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಿದ್ದರು. ಎದುರಿಗೆ ಕೆರೆ, ಬಿಂದಿಗೆಯಲ್ಲಿ ಕನ್ನಡಿಯಂಥ ನೀರು.

"ಸಾಕು ಬಿಡೋ ಕಲ್ಲೇಶಿ," ಎಂದರು ಸಣ್ಣೀರಪ್ಪನವರು. "ಇಷ್ಟು ತಿಳಿ ನೀರನ್ನ ಯಾಕೆ ಗೋಳು ಹುಯ್ಕೊಳ್ತೀಯ?"

"ಕುದಿಸಬೇಕು ಪಟೇಲರೇ."

"ಗಂಟಲು ಅಂಟಿಕೊಳ್ತಿದೆ ಕಣಪ್ಪ," ಎಂದಳು ದ್ಯಾಮಕ್ಕ. ಜೋರು ಬಾಯಿಯ ಅವಳ ದನಿ ಕೂಡ ಸಣ್ಣಗಾಗಿತ್ತು. "ಬೆಳಿಗ್ಗೆ ಕಾಲಿಗೆ ಸುರಿಸಿದೆಯಲ್ಲೋ. ಈಗ ಬಾಯಿಗಿಲ್ಲ."

ಆ ಮಾತು ಕಲ್ಲೇಶಿಗೆ ಚುರುಕ್ ಎಂದಿತು. ಅವನು ಮತ್ತೆ ಊದಿದ. ಕಣ್ಣಲ್ಲಿ ನೀರು ಬಂತು. ಹೊಗೆಗೋ, ನಾಚಿಕೆಗೋ ಅವನಿಗೇ ತಿಳಿಯಲಿಲ್ಲ.

ಆಗ ಸಣ್ಣೀರಪ್ಪನವರು ತೊಡೆ ತಟ್ಟಿಕೊಂಡು ಎದ್ದರು.

"ಅಲ್ವೋ, ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೀತಿದ್ದೀವಲ್ಲ! ಅಯ್ಯನೋರು ಇಲ್ಲೇ ಇದ್ದಾರೆ. ಅವರು ಕೈ ಅದ್ದಿದ್ರೆ ಮುಗೀತು. ತೀರ್ಥ ಆಯ್ತು."

ಹೌದಲ್ಲ!

ಆಶ್ರಮದಲ್ಲಿ ಪ್ರತಿ ಬೆಳಿಗ್ಗೆ ಗುರುಗಳು ತಾಮ್ರದ ತಂಬಿಗೆಯಲ್ಲಿ ಬೆರಳದ್ದಿ ತೀರ್ಥ ಕೊಡುತ್ತಿದ್ದರು. ಅದನ್ನು ಕುಡಿದವರು ಕಾಯಿಲೆ ಬಿದ್ದದ್ದಿಲ್ಲ. ಕಲ್ಲೇಶಿ ಸಣ್ಣವನಿದ್ದಾಗ ಜ್ವರ ಏರಿ ಕಣ್ಣು ಮೇಲೆ ಹೋದಾಗ ಅವನ ತಾಯಿ ಬಾಯಿಗೆ ಬಿಟ್ಟದ್ದು ಅದೇ ತೀರ್ಥ. ಅವನು ಬದುಕಿದ್ದು ಅದರಿಂದಲೇ ಎಂದು ಅವನು ಇವತ್ತಿಗೂ ನಂಬಿದ್ದ.

ಇದನ್ನೇ ಗುರುಗಳು ಬೆಳಿಗ್ಗೆ ಬಾಯಿಬಿಟ್ಟು ಹೇಳದೆ ಉಳಿಸಿಕೊಂಡದ್ದು! ಕಲ್ಲೇಶಿಗೆ ಎಲ್ಲ ಹೊಳೆದುಹೋಯಿತು. ಹೊಳೆದ ಸಂತೋಷಕ್ಕೆ ಬಿಂದಿಗೆ ಎತ್ತಿಕೊಂಡು ಅತ್ತಿಮರದತ್ತ ಹೆಚ್ಚುಕಡಿಮೆ ಕುಣಿದುಕೊಂಡೇ ಹೋದ. ಜನವೂ ಹಿಂದೆಯೇ ಎದ್ದು ಬಂತು.

"ಗುರುಗಳೇ, ಒಂದ್ಸಲ ಕೈ ಅದ್ದಿಬಿಡಿ."

"ಯಾಕಪ್ಪ?"

"ನೀವು ಮುಟ್ಟಿದ್ರೆ ತೀರ್ಥ. ಕುದಿಸೋದೇ ಬೇಡ."

ಗುರುಗಳು ಅವನ ಮುಖವನ್ನೇ ನೋಡಿದರು.

"ಇದು ಕಲ್ಲೇಶಿಯ ಮಾತೋ, ನೀರಗಂಟಿಯ ಮಾತೋ?"

"ನೀರಗಂಟಿಯದೇ, ಗುರುಗಳೇ!"

"ಹಾಗಾದ್ರೆ ಆಗಲಿ."

ಅವರು ಬಿಂದಿಗೆಯೊಳಗೆ ಬೆರಳು ಅದ್ದಿದರು. ಜನ ಒಂದೇ ಉಸಿರಿನಲ್ಲಿ "ಹರಹರ ಮಹಾದೇವ" ಎಂದರು. ದ್ಯಾಮಕ್ಕ ಕೆನ್ನೆ ಬಡಿದುಕೊಂಡಳು.

ಕಲ್ಲೇಶಿ ಲೋಟಕ್ಕೆ ಬಗ್ಗಿಸಿದ. "ಕಟ್ಟಳೆ ಕಟ್ಟಳೆಯೇ. ಮೊದಲು ನಾನು ಕುಡೀತೀನಿ," ಎಂದು ನಗುತ್ತಾ ಲೋಟ ಎತ್ತಿದ. ಅವನ ಕೈ ಒಂದಿಷ್ಟೂ ನಡುಗಲಿಲ್ಲ. ಅವನಿಗೆ ಅಷ್ಟು ನಂಬಿಕೆ.

ಗುರುಗಳು ಅವನ ಮಣಿಕಟ್ಟು ಹಿಡಿದರು.

"ನೀನು ಕುಡಿಯೋದು ಸುಲಭ ಕಣೋ. ಕೊಡು ಇಲ್ಲಿ."

ಲೋಟ ಅವರ ಕೈಗೆ ಹೋಯಿತು.

ಕಲ್ಲೇಶಿ ಆಗ ಅವರನ್ನು ನೋಡಿದ. ಬೆಳಗಿನಿಂದ ನೋಡಿರಲೇ ಇಲ್ಲ. ತುಟಿ ಬಿರಿದಿತ್ತು. ಕತ್ತಿನ ನರಗಳು ಎದ್ದಿದ್ದವು. ಹೋದ ಮಳೆಗಾಲದಲ್ಲಿ ಇವರು ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದಿದ್ದರು. ಗಂಜಿಯನ್ನು ಚಮಚ ಚಮಚವಾಗಿ ಕುಡಿಸಿದವನು ತಾನೇ. ಮಗ್ಗುಲು ಬದಲಿಸುವಾಗ ಅವರು ಹಗುರಾಗಿದ್ದದ್ದು ಅವನ ತೋಳಿಗೆ ಇನ್ನೂ ಗೊತ್ತಿತ್ತು.

ಲೋಟ ಮೇಲಕ್ಕೆದ್ದಿತು. ತುಟಿಯ ಹತ್ತಿರ ಬಂತು.

ಮುಂದಿನದನ್ನು ಮಾಡಿದವನು ತಾನೇ ಎಂದು ಅವನಿಗೆ ಆಮೇಲೆ ಗೊತ್ತಾಯಿತು. ಕೈ ಬೀಸಿತ್ತು. ಲೋಟ ಠಣ್ಣೆಂದು ಬೇರಿಗೆ ಬಡಿದು ಮರಳಿನಲ್ಲಿ ಉರುಳಿತ್ತು. ಗುರುಗಳ ಎದೆಯ ಮೇಲೆ ನೀರು ಚೆಲ್ಲಿತ್ತು.

"ಅಯ್ಯೋ ಶಿವನೇ!" ಎಂದಳು ದ್ಯಾಮಕ್ಕ. "ಅಯ್ಯನೋರ ಕೈಗೇ ಹೊಡೆದ!"

"ತಲೆ ಕೆಟ್ಟಿದೆಯೇನೋ ನಿಂಗೆ?" ಸಣ್ಣೀರಪ್ಪನವರು ಗುಡುಗಿದರು.

ಗುರುಗಳು ಎದೆಯ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಂಡರು. ದನಿ ಏರಿಸಲಿಲ್ಲ.

"ಯಾಕೋ ಕಲ್ಲೇಶಿ? ನನ್ನ ಕೈ ಮೇಲೆ ನಂಬಿಕೆ ಇಲ್ವಾ?"

"ಇದೆ ಗುರುಗಳೇ." ಅವನು ಬಿಕ್ಕುತ್ತಿದ್ದ. "ಬೆಟ್ಟದಷ್ಟಿದೆ."

"ಮತ್ತೆ?"

"ನಾನು ಕುಡಿಯೋವಷ್ಟಿದೆ. ನಿಮಗೆ ಕುಡಿಸೋವಷ್ಟಿಲ್ಲ."

ಗುರುಗಳು ಮರಳಿನಲ್ಲಿ ಬಿದ್ದಿದ್ದ ಲೋಟವನ್ನು ತಾವೇ ಎತ್ತಿಕೊಂಡರು.

"ಹೋಗು. ಬೆಂಕಿ ಹಚ್ಚು."

ಕಲ್ಲೇಶಿ ಕಣ್ಣೊರೆಸಿಕೊಂಡು ತಿರುಗಿದ. ತಿರುಗಿದವನ ದನಿಯೇ ಬೇರೆಯಾಗಿತ್ತು.

"ಪಟೇಲರೇ, ಕೂರಬೇಡಿ. ನಿಂತ ಮರದಲ್ಲಿ ಒಣಗಿದ ಕೊಂಬೆ ಇರುತ್ತೆ, ಅದನ್ನ ಮುರಿದು ತನ್ನಿ. ನೆಲದ ಮೇಲಿಂದು ಬೇಡ. ದ್ಯಾಮಕ್ಕ, ಆ ಬಂಡೆ ಕೆಳಗೆ ನೋಡು, ತರಗೆಲೆ ಬೆಚ್ಚಗೆ ಉಳಿದಿರುತ್ತೆ. ಉಳಿದವರು ತೊಗಟೆ ಸುಲೀರಿ, ಒಳಗಿನ ನಾರು ಒಣಗಿರುತ್ತೆ."

ಸಣ್ಣೀರಪ್ಪನವರು ಬಾಯಿ ತೆರೆದರು. ಗುರುಗಳು ಆಗಲೇ ಎದ್ದು ಕೊಂಬೆ ಮುರಿಯಲು ಹೊರಟಿದ್ದರು. ಅದನ್ನು ಕಂಡು ಪಟೇಲರು ಬಾಯಿ ಮುಚ್ಚಿ ಹಿಂದೆ ನಡೆದರು.

ಆಮೇಲೆ ನೋಡಬೇಕಿತ್ತು ಆ ಸಡಗರ! ಒಬ್ಬ ಮರ ಹತ್ತಿದ, ಒಬ್ಬ ಕೆಳಗೆ ನಿಂತು ಹಿಡಿದ. ದ್ಯಾಮಕ್ಕ ಬಂಡೆಯ ಸಂದಿಗೆ ಅರ್ಧ ನುಗ್ಗಿ ಸೆರಗಿನ ತುಂಬ ತರಗು ತಂದಳು. ಬಾಯಾರಿಕೆ ಮರೆತೇಹೋಗಿತ್ತು. ಕಲ್ಲೇಶಿ ನೆಲಕ್ಕೆ ಕೆನ್ನೆ ಹಚ್ಚಿ ಊದಿದ. ಕೆಮ್ಮಿದ. ಮತ್ತೆ ಊದಿದ.

"ಹತ್ತಿತು! ಹತ್ತಿತು ನೋಡು!"

"ಅಲ್ಲಿಗೆ ಸಣ್ಣದು ಹಾಕು, ದಪ್ಪದ್ದು ಬೇಡ!"

"ಗಾಳಿಗೆ ಅಡ್ಡ ನಿಂತ್ಕೊಳ್ರೋ!"

ಭಗ್ ಎಂದು ಉರಿ ಎದ್ದಾಗ ದೊಡ್ಡವರೆಲ್ಲ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಬಿಂದಿಗೆಯ ನೀರು ಹಂಡೆಗೆ ಬಿತ್ತು. ಮೊದಲು ಸುಯ್ ಎಂದಿತು. ತಳದಲ್ಲಿ ಸಣ್ಣ ಗುಳ್ಳೆ ಬಂತು.

"ಇಳಿಸೋ, ಬಿಸಿ ಆಯ್ತು," ಎಂದಳು ದ್ಯಾಮಕ್ಕ.

"ಬಿಸಿ ಆದ್ರೆ ಸಾಲದು. ಮರಳಬೇಕು."

ದೊಡ್ಡ ಗುಳ್ಳೆ ಬಂತು. ಅಂಚು ಅಲುಗಿತು.

"ಮರಳ್ತು!"

"ಇನ್ನೂ ಇಲ್ಲ."

ಕೊನೆಗೆ ಹಂಡೆಯ ನೀರೆಲ್ಲ ಕೊತಕೊತನೆ ಹೊರಳಾಡಿ ಕುದಿಯಿತು. ಕಲ್ಲೇಶಿ ಹಾಗೇ ಬಿಟ್ಟ. ಜನ ಬೇಡಿಕೊಂಡರು. ಅವನು ಸೌದೆ ಒಳಕ್ಕೆ ತಳ್ಳಿದ. ಮನಸ್ಸಿಗೆ ಸಾಕೆನಿಸುವವರೆಗೆ ಕುದಿಸಿ, ಆಮೇಲೆ ಇಳಿಸಿ ಮುಚ್ಚಳ ಮುಚ್ಚಿದ.

"ಇಷ್ಟು ಸುಡೋದನ್ನ ಹೇಗಪ್ಪ ಕುಡಿಯೋದು?" ಸಣ್ಣೀರಪ್ಪನವರು ಒಂದು ಚೊಂಬು ಕೆರೆಯ ನೀರು ಹಿಡಿದು ಬಂದರು. "ಸ್ನಾನದ ನೀರಿಗೆ ತಣ್ಣೀರು ಬೆರೆಸಲ್ವೇ? ಹಾಗೆ ಒಂಚೂರು..."

"ಪಟೇಲರೇ!"

ಆ ಕೂಗಿಗೆ ಪಟೇಲರ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

"ಒಂದು ಹನಿ ಬಿದ್ರೂ ಇಷ್ಟು ಹೊತ್ತು ಮಾಡಿದ್ದೆಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಚೆಲ್ಲಿ ಅದನ್ನ."

ಚೆಲ್ಲಿದರು. ಒಂದು ಕಾಲಕ್ಕೆ ಊರನ್ನೇ ಗದರಿಸಿದ ಮನುಷ್ಯ, ಮಾತಾಡದೆ ಚೆಲ್ಲಿದರು.

ನೀರು ಆರುವವರೆಗೂ ಕಲ್ಲೇಶಿ ಹಂಡೆಯ ಪಕ್ಕದಿಂದ ಏಳಲಿಲ್ಲ. ಹೊತ್ತು ಇಳಿಯಿತು. ಆಮೇಲೆ ಮುಚ್ಚಳ ತೆಗೆದು, ಕುದಿದ ನೀರಿನಲ್ಲೇ ತೊಳೆದಿಟ್ಟಿದ್ದ ಲೋಟಕ್ಕೆ ಬಗ್ಗಿಸಿ, ಎಲ್ಲರೆದುರು ತಾನು ಕುಡಿದ. ಹೊಗೆಯ ವಾಸನೆಯಿತ್ತು. ಇನ್ನೂ ಬೆಚ್ಚಗಿತ್ತು.

"ಬನ್ನಿ," ಎಂದ.

ಜನ ಮುಗಿಬಿದ್ದರು. ದ್ಯಾಮಕ್ಕ ಒಂದೇ ಗುಟುಕಿಗೆ ಲೋಟ ಬರಿದು ಮಾಡಿ, "ನನ್ನಪ್ಪಾ, ಹೊಗೆ ನೀರೇ ಇಷ್ಟು ರುಚಿಯಾ!" ಎಂದು ಅವನ ತಲೆ ಸವರಿದಳು. ಸಣ್ಣೀರಪ್ಪನವರು ಕುಡಿದು, ಕಣ್ಣು ಮುಚ್ಚಿ, ಇನ್ನೊಮ್ಮೆ ಲೋಟ ಚಾಚಿದರು.

ಎಲ್ಲರಾದ ಮೇಲೆ ಗುರುಗಳು ಬಂದರು. ಕೈಯಲ್ಲಿ ಅದೇ ಲೋಟ. ಮರಳು ಹೋಗಲೆಂದು ಕೆರೆಯಲ್ಲಿ ತೊಳೆದು ತಂದಿದ್ದರು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಾಕಪ್ಪ."

ಕಲ್ಲೇಶಿ ಲೋಟ ನೋಡಿದ. ಗುರುಗಳ ಬಿರಿದ ತುಟಿ ನೋಡಿದ.

"ಆಗಲ್ಲ, ಗುರುಗಳೇ."

"ಯಾಕೆ?"

"ಕೆರೆ ನೀರಲ್ಲಿ ತೊಳೆದಿದ್ದೀರಿ. ಅದನ್ನ ಇಲ್ಲಿ ಕೊಡಿ. ಬಿಸಿನೀರು ಹಾಕಿ ತೊಳೆದುಕೊಡ್ತೀನಿ. ಅಲ್ಲೀವರೆಗೆ ಕಾಯಬೇಕು."

ಗುರುಗಳು ಲೋಟ ಕೊಟ್ಟರು. ಕೊಟ್ಟು, ಪಾಠಕ್ಕೆ ಬಂದ ಶಿಷ್ಯನ ಹಾಗೆ ಅವನೆದುರು ನೆಲದ ಮೇಲೆ ಕೂತರು.

ಕಲ್ಲೇಶಿ ಒಂದು ಪಾತ್ರೆ ನೀರನ್ನು ಮತ್ತೆ ಒಲೆಗಿಟ್ಟು ಮರಳಿಸಿ ಲೋಟ ತೊಳೆದ. ಹಂಡೆಯ ನೀರು ತುಂಬಿ, ಎರಡು ಕೈಯಲ್ಲಿ ಹಿಡಿದು ಕೊಟ್ಟ. ಅವರು ನಿಧಾನವಾಗಿ ಕುಡಿದರು. ಗಂಟಲು ಏರಿ ಇಳಿಯುವುದನ್ನು ಅವನು ನೋಡುತ್ತಲೇ ಇದ್ದ. ಅವನಿಗೆ ಮತ್ತೆ ಅಳು ಬಂತು. ಈ ಸಲ ಸಂತೋಷಕ್ಕೆ.

"ಗುರುಗಳೇ, ಒಂದು ಕೇಳಲಾ?"

"ಕೇಳು."

"ಅತ್ತಿಮರದ ಕೆಳಗೆ... ನಾನು ಕೈ ಬೀಸದೇ ಇದ್ದಿದ್ರೆ, ನೀವು ನಿಜವಾಗಲೂ ಆ ನೀರು ಕುಡೀತಿದ್ರಾ? ಆ ದಿಬ್ಬಗಳಲ್ಲಿ ಇರೋರನ್ನ ಕಣ್ಣಾರೆ ಕಂಡವರು ನೀವು. ಸುಮ್ನೆ ನನ್ನ ಪರೀಕ್ಷೆ ಮಾಡಿದ್ದಲ್ವಾ?"

ಗುರುಗಳು ಖಾಲಿ ಲೋಟವನ್ನು ಅವನ ಕೈಗಿಟ್ಟರು.

"ಕುಡೀತಿದ್ದೆ ಕಣಪ್ಪ. ಇಲ್ಲಿ ನೀರಗಂಟಿ ನೀನು. ನಾನು ಬರೀ ಬಾಯಾರಿದವನು."